ಆತಂಕ: ಮಾತ್ರೆ ಮಾಡುವ ಕೆಲಸ, ಅಭ್ಯಾಸ ಮಾಡುವ ಕೆಲಸ

"ಒಮ್ಮೆ ಶುರು ಮಾಡಿದರೆ ಜೀವಮಾನವಿಡೀ ತಗೋಬೇಕಂತೆ, ಹೌದಾ?" ಆತಂಕಕ್ಕೆ ಮಾತ್ರೆ ಬರೆದುಕೊಡುತ್ತೇನೆ ಎಂದು ವೈದ್ಯರು ಹೇಳಿದ ತಕ್ಷಣ ಬಹಳ ಜನರ ಬಾಯಿಂದ ಬರುವ ಮೊದಲ ಮಾತು ಇದು. ಮನೆಗೆ ಬಂದರೆ ಸಲಹೆಗಳ ಸುರಿಮಳೆ. ಒಬ್ಬರು, "ಮಾತ್ರೆ ಸಹವಾಸ ಬೇಡ, ಧ್ಯಾನ ಮಾಡು, ಬೆಳಗ್ಗೆ ಎದ್ದು ವಾಕಿಂಗ್ ಹೋಗು, ಎಲ್ಲ ಸರಿಹೋಗತ್ತೆ" ಅನ್ನುತ್ತಾರೆ. ಇನ್ನೊಬ್ಬರು, "ಬಿಪಿಗೆ ಮಾತ್ರೆ ತಗೊಳ್ಳಲ್ವಾ, ಇದೂ ಹಾಗೇ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಆದರೆ ನಿರ್ಧಾರ ಮಾಡಬೇಕಾದವರಿಗೆ ಇದರಿಂದ ಹೆಚ್ಚೇನೂ ಸಹಾಯವಾಗುವುದಿಲ್ಲ.

ಈ ಚರ್ಚೆಯಲ್ಲಿ ಗೆರೆ ಎಳೆಯುವ ಜಾಗವೇ ತಪ್ಪಿದೆ ಎಂದು ನನಗೆ ಅನ್ನಿಸುತ್ತದೆ. ಆತಂಕ ಮನುಷ್ಯನನ್ನು ಒಂದೊಂದೇ ಜಾಗದಿಂದ, ಒಂದೊಂದೇ ಕೆಲಸದಿಂದ ಹಿಂದೆ ಸರಿಸುತ್ತದೆ. ಹಿಂದೆ ಸರಿದಲ್ಲಿಗೆ ಮತ್ತೆ ಹೋಗಲು ಯಾವುದು ಸಹಾಯ ಮಾಡುತ್ತದೋ ಅದು ಚಿಕಿತ್ಸೆ. ಅದು ಮಾತ್ರೆಯಾಗಿರಬಹುದು, ಥೆರಪಿಯಾಗಿರಬಹುದು. ಇನ್ನಷ್ಟು ಹಿಂದೆ ಸರಿಯಲು ಅನುಕೂಲ ಮಾಡಿಕೊಡುವುದು, ಅದು ಧ್ಯಾನವೇ ಆದರೂ, ತೊಂದರೆಯನ್ನು ಬೆಳೆಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 30.1 ಕೋಟಿ ಜನರಿಗೆ ಆತಂಕದ ಕಾಯಿಲೆ ಇತ್ತು. ಮಾನಸಿಕ ತೊಂದರೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವುದು ಇದೇ. ಒಳ್ಳೆಯ ಚಿಕಿತ್ಸೆಗಳಿದ್ದರೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಗುತ್ತಿದೆ. ಯಾವುದು ಒಳ್ಳೆಯದು ಎಂಬ ವಾದಕ್ಕಿಂತ, ಯಾವುದೂ ಸಿಗದೆ ವರ್ಷಗಟ್ಟಲೆ ಒದ್ದಾಡುವವರೇ ಜಾಸ್ತಿ ಎನ್ನುವುದು ದೊಡ್ಡ ಸಮಸ್ಯೆ.

ಇದು ಕಾಯಿಲೆಯೇನಾ?

ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಮಗುವಿಗೆ ಜ್ವರ ಬಂದಾಗ ಎದೆ ಡವಡವ ಎನ್ನುವುದು ಕಾಯಿಲೆಯಲ್ಲ. ಕಾರಣ ಹೋದ ಮೇಲೂ ಹೆದರಿಕೆ ಹೋಗದಿದ್ದರೆ, ದಿನದ ಕೆಲಸ ಕೆಡುತ್ತಿದ್ದರೆ ಆಗ ಯೋಚಿಸಬೇಕು. ಎಲ್ಲದರ ಬಗ್ಗೆಯೂ ಸದಾ ಚಿಂತೆ ಕಾಡುವ ಆತಂಕದ ಕಾಯಿಲೆ ಎಂದು ಹೇಳಲು ವೈದ್ಯರು ಕನಿಷ್ಠ ಆರು ತಿಂಗಳು ಹೀಗೇ ಇದೆಯಾ ಎಂದು ನೋಡುತ್ತಾರೆ. ಜಿಎಡಿ-7 ಎಂಬ ಏಳು ಪ್ರಶ್ನೆಗಳ ಚಿಕ್ಕ ಪಟ್ಟಿಯೂ ಇದೆ. 2006ರಿಂದ ಬಳಕೆಯಲ್ಲಿರುವ ಇದರಲ್ಲಿ 21ಕ್ಕೆ 10 ಅಥವಾ ಹೆಚ್ಚು ಅಂಕ ಬಂದರೆ ವೈದ್ಯರ ಹತ್ತಿರ ಮಾತಾಡುವುದು ಒಳ್ಳೆಯದು. ಅದು ರೋಗ ಇದೆ ಎಂದು ತೀರ್ಮಾನಿಸುವ ಪರೀಕ್ಷೆಯಲ್ಲ. ಆದರೆ ಚಿಕಿತ್ಸೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಅದೇ ಪಟ್ಟಿ ತುಂಬಿದರೆ ನಿಜವಾಗಿ ಸುಧಾರಣೆ ಆಗುತ್ತಿದೆಯಾ ಎಂದು ಕಣ್ಣಿಗೆ ಕಾಣುತ್ತದೆ.

ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಒಂದಿದೆ, ಅದನ್ನು ಬಿಡಬೇಡಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದ್ದರೆ ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ರಕ್ತಹೀನತೆ, ಹೃದಯ ಬಡಿತದ ಏರುಪೇರು, ಅಸ್ತಮಾ ಇನ್‌ಹೇಲರ್, ಸ್ಟಿರಾಯ್ಡ್ ಇವೆಲ್ಲ ಆತಂಕದಂತೆಯೇ ಕಾಣುವ ಲಕ್ಷಣ ಕೊಡಬಲ್ಲವು. ಕಾಫಿಯೂ ಸಣ್ಣ ವಿಷಯವಲ್ಲ. ಪ್ಯಾನಿಕ್ ಅಟ್ಯಾಕ್ (ಏಕಾಏಕಿ ಏರುವ ತೀವ್ರ ಹೆದರಿಕೆ) ಬರುವವರಿಗೆ ಹೆಚ್ಚು ಕೆಫೀನ್ ಹೊಟ್ಟೆಗೆ ಹೋದರೆ ಅಟ್ಯಾಕ್ ಶುರುವಾಗಬಹುದು ಎನ್ನುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಮದ್ಯ ಆ ಹೊತ್ತಿಗೆ ಸಮಾಧಾನ ಕೊಟ್ಟು, ಮಾರನೇ ದಿನ ಆತಂಕವನ್ನು ಬಡ್ಡಿ ಸಮೇತ ವಾಪಸ್ ತರುತ್ತದೆ.

ಲಿಫ್ಟಿನ ಮುಂದೆ ನಿಂತವರ ಕಥೆ

ಆತಂಕ ಹೇಗೆ ಬೆಳೆಯುತ್ತದೆ ಎನ್ನುವುದು ಅರ್ಥವಾಗದೆ ಚಿಕಿತ್ಸೆ ಆರಿಸಲು ಆಗುವುದಿಲ್ಲ. ಹಾಗಾಗಿ ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಒಬ್ಬರಿಗೆ ಲಿಫ್ಟಿನಲ್ಲಿ ಒಮ್ಮೆ ಪ್ಯಾನಿಕ್ ಅಟ್ಯಾಕ್ ಆಯಿತು ಅಂದುಕೊಳ್ಳಿ. ಎದೆ ಬಡಿತ ಏರಿತು. ಉಸಿರು ಸಾಲದು ಅನ್ನಿಸಿ ಜೋರಾಗಿ ಎಳೆದರು. ಜಾಸ್ತಿ ಉಸಿರಾಡಿದ್ದರಿಂದ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ಬೆರಳು ಜುಮ್ಮೆಂದವು, ತಲೆ ತಿರುಗಿತು. "ನಾನು ಸಾಯ್ತಿದೀನಿ" ಎಂಬ ಯೋಚನೆ ಬಂತು. ಆ ಯೋಚನೆಗೆ ಬಡಿತ ಇನ್ನೂ ಏರಿತು. ಇಂಥ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಆದರೆ ಅವರು ಇಳಿಯುವ ತನಕ ಕಾಯಲಿಲ್ಲ. ಎರಡನೇ ಮಹಡಿಯಲ್ಲೇ ಹೊರಗೆ ಬಂದರು. ಬಂದ ಕ್ಷಣವೇ ಹಾಯ್ ಅನ್ನಿಸಿತು.

ತೊಂದರೆ ಬೇರೂರುವುದು ಆ ಹಾಯ್ ಅನ್ನಿಸಿದ ಕ್ಷಣದಲ್ಲಿ. "ಹೊರಗೆ ಬಂದೆ, ಅದಕ್ಕೇ ಬದುಕಿದೆ" ಎಂದು ಮೆದುಳು ಕಲಿಯಿತು. ನಾಳೆ ಮೆಟ್ಟಿಲು ಹತ್ತುತ್ತಾರೆ. ಆಮೇಲೆ ಮೆಟ್ರೋ ಬೇಡ, ಸಿನಿಮಾ ಮಂದಿರದಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು, ಮೀಟಿಂಗ್ ರೂಮಿನ ಬಾಗಿಲು ತೆರೆದೇ ಇರಬೇಕು. ತಪ್ಪಿಸಿಕೊಂಡ ಪ್ರತಿ ಸಲವೂ ಹೆದರಿಕೆ ಆಗ ಕಡಿಮೆಯಾಗುತ್ತದೆ, ಒಟ್ಟಾರೆ ಜಾಸ್ತಿಯಾಗುತ್ತದೆ. ಹೊರಗಿನವರ ಕಣ್ಣಿಗೆ ಅವರು ಆರಾಮಾಗಿಯೇ ಇದ್ದಾರೆ. ಬದುಕು ಮಾತ್ರ ಕಿರಿದಾಗುತ್ತಾ ಹೋಗುತ್ತದೆ.

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂದು ಕರೆಯುವ, ಯೋಚನೆ ಮತ್ತು ನಡವಳಿಕೆ ಬದಲಿಸುವ ಥೆರಪಿಯಲ್ಲಿ ಬಲವಾದ ಭಾಗ ಇರುವುದು ಇಲ್ಲಿಯೇ. ಹೆದರುವ ಸನ್ನಿವೇಶಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆಯುತ್ತಾರೆ. ಲಿಫ್ಟಿನ ಮುಂದೆ ನಿಲ್ಲುವುದು, ಬಾಗಿಲು ತೆರೆದಿಟ್ಟು ಒಳಗೆ ನಿಲ್ಲುವುದು, ಜೊತೆಗೊಬ್ಬರನ್ನು ಇಟ್ಟುಕೊಂಡು ಒಂದು ಮಹಡಿ, ಒಬ್ಬರೇ ಒಂದು ಮಹಡಿ, ಒಬ್ಬರೇ ಕೊನೆಯ ಮಹಡಿಯವರೆಗೆ. ಪ್ರತಿ ಸಲ ಹೋಗುವ ಮುಂಚೆ "ಏನಾಗುತ್ತದೆ ಎಂದು ನಿನ್ನ ಅಂದಾಜು?" ಎಂದು ಕೇಳಿ ಬರೆಸುತ್ತಾರೆ. "ಪ್ರಜ್ಞೆ ತಪ್ಪಿ ಬೀಳ್ತೀನಿ" ಎಂದು ಬರೆದವರು ಹೋಗಿ ಬಂದ ಮೇಲೆ ಆಗಿದ್ದೇನು ಎಂದು ಪಕ್ಕದಲ್ಲಿ ಬರೆಯುತ್ತಾರೆ. ಬಿದ್ದಿರುವುದಿಲ್ಲ. ಹೆದರಿಕೆ ಬಂದಿತ್ತು, ಅಲ್ಲೇ ನಿಂತರು, ಏನೂ ಆಗಲಿಲ್ಲ. ಈ ಪಾಠವನ್ನು ಯಾರೂ ಬಾಯಿ ಮಾತಲ್ಲಿ ಕಲಿಸಲು ಆಗುವುದಿಲ್ಲ. ಮೈಯೇ ಕಲಿಯಬೇಕು.

ಇದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಥೆರಪಿಗೂ ಅಡ್ಡಪರಿಣಾಮ ಇದೆ. ಮೊದಲ ಕೆಲವು ವಾರ ಆತಂಕ ಹೆಚ್ಚುತ್ತದೆ, ಅರ್ಧಕ್ಕೇ ಬಿಡುವವರಿದ್ದಾರೆ. ಚಿಕಿತ್ಸೆ ಹೇಗಿರಬೇಕು ಎಂದು ಹೇಳುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ, ಎಲ್ಲದರ ಬಗ್ಗೆಯೂ ಚಿಂತೆ ಕಾಡುವ ಆತಂಕದ ಕಾಯಿಲೆಗೆ ವಾರಕ್ಕೊಂದು ಗಂಟೆಯಂತೆ 12ರಿಂದ 15 ಭೇಟಿ ಹೇಳುತ್ತದೆ. ಅಷ್ಟು ಸಮಯ, ಹಣ, ಅಷ್ಟು ತರಬೇತಿ ಇರುವ ಥೆರಪಿಸ್ಟ್ ಎಲ್ಲರಿಗೂ ಸಿಗುವುದಿಲ್ಲ. ಕೌನ್ಸೆಲಿಂಗ್ ಎಂಬ ಹೆಸರಿನಲ್ಲಿ ವಾರವಾರ ಸುಮ್ನೆ ಮಾತಾಡಿ ಕಳಿಸುವುದೂ ನಡೆಯುತ್ತದೆ. ಮನಸ್ಸು ಹಗುರಾಗುತ್ತದೆ, ಲಿಫ್ಟ್ ಮಾತ್ರ ಹತ್ತಲು ಆಗಿರುವುದಿಲ್ಲ. "ಎರಡು ಭೇಟಿಗಳ ನಡುವೆ ನಾನು ಮನೆಯಲ್ಲಿ ಏನು ಅಭ್ಯಾಸ ಮಾಡಬೇಕು?" ಎಂದು ಕೇಳಿ. ಅದಕ್ಕೆ ಉತ್ತರ ಇಲ್ಲದಿದ್ದರೆ ಬೇರೆಯವರನ್ನು ಹುಡುಕುವುದು ಒಳ್ಳೆಯದು.

ಮಾತ್ರೆ ಅಂದರೆ ಯಾವ ಮಾತ್ರೆ?

"ಆತಂಕದ ಮಾತ್ರೆ" ಎಂದು ಒಂದೇ ಹೆಸರಲ್ಲಿ ಕರೆಯುವುದರಿಂದಲೇ ಅರ್ಧ ಗೊಂದಲ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಗುಂಪುಗಳು ಇದರೊಳಗಿವೆ.

ಒಂದು ಗುಂಪು ಬೆಂಜೊಡಯಾಜೆಪೀನ್. ಆಲ್ಪ್ರಜೊಲಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ಡಯಾಜೆಪಾಮ್ ಈ ಸಾಲಿನವು. ಲಿಯೊ ಸ್ಟರ್ನ್‌ಬಾಖ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ಈ ಜಾತಿಯ ಮೊದಲ ಔಷಧಿ 1960ರಲ್ಲಿ ಮಾರುಕಟ್ಟೆಗೆ ಬಂತು, 1963ರಲ್ಲಿ ವ್ಯಾಲಿಯಮ್ ಬಂತು. ಮೆದುಳಿನಲ್ಲಿ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಕೆಲಸವನ್ನು ಇವು ಜೋರು ಮಾಡುತ್ತವೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಹಾಯೆನಿಸುತ್ತದೆ. ಜೀವಮಾನವಿಡೀ ತಗೋಬೇಕಾಗುತ್ತದೆ ಎಂಬ ಭಯ ಹುಟ್ಟಿದ್ದು ಮುಖ್ಯವಾಗಿ ಈ ಗುಂಪಿನಿಂದ, ಮತ್ತು ಆ ಭಯಕ್ಕೆ ಆಧಾರ ಇದೆ. ಕೆಲವೇ ವಾರ ದಿನಾ ತಗೊಂಡರೂ ದೇಹ ಹೊಂದಿಕೊಂಡುಬಿಡುತ್ತದೆ. ಥಟ್ಟನೆ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮದ್ಯದ ಜೊತೆ ಅಥವಾ ಓಪಿಯಾಯ್ಡ್ ನೋವಿನ ಮಾತ್ರೆಗಳ ಜೊತೆ ಸೇರಿದರೆ ಉಸಿರೇ ನಿಲ್ಲುವ ಅಪಾಯ. ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಔಷಧಿಗಳ ಮೇಲಿನ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿತು.

ಅಪಾಯಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಇದರ ಇನ್ನೊಂದು ಗುಣ. ಆ ಲಿಫ್ಟಿನವರು ಆಲ್ಪ್ರಜೊಲಾಮ್ ನುಂಗಿ ಲಿಫ್ಟ್ ಹತ್ತಿದರೆ ಹೆದರಿಕೆಯೇ ಆಗುವುದಿಲ್ಲ. ಆದರೆ ಮೆದುಳು "ಲಿಫ್ಟ್ ಅಪಾಯವಲ್ಲ" ಎಂದು ಕಲಿಯುವುದಿಲ್ಲ, "ಮಾತ್ರೆ ಇತ್ತು, ಬದುಕಿದೆ" ಎಂದು ಕಲಿಯುತ್ತದೆ. ಬ್ಯಾಗಿನಲ್ಲಿ ಮಾತ್ರೆಯ ಸ್ಟ್ರಿಪ್ ಇಟ್ಟುಕೊಂಡು ವರ್ಷಗಟ್ಟಲೆ ಒಂದೂ ನುಂಗದೆ ಓಡಾಡುವವರಿದ್ದಾರೆ. ಸ್ಟ್ರಿಪ್ ಮನೆಯಲ್ಲಿ ಮರೆತ ದಿನ ಅರ್ಧ ದಾರಿಯಿಂದ ವಾಪಸ್ ಬರುತ್ತಾರೆ. ಮಾತ್ರೆ ಹೊಟ್ಟೆಗೆ ಹೋಗದೆಯೂ ಊರುಗೋಲಾಗಿದೆ, ಅಲ್ವಾ? ಬೆಂಜೊಡಯಾಜೆಪೀನ್‌ಗೆ ಜಾಗವೇ ಇಲ್ಲ ಎಂದಲ್ಲ. ತೀರಾ ಕಂಗೆಟ್ಟ ಎರಡು ಮೂರು ವಾರಕ್ಕೆ, ಎಂದು ನಿಲ್ಲಿಸಬೇಕು ಎನ್ನುವುದನ್ನು ಮೊದಲ ದಿನವೇ ಬರೆದಿಟ್ಟುಕೊಂಡು ಕೊಟ್ಟರೆ ಅದು ದೊಡ್ಡ ಉಪಕಾರ ಮಾಡಬಲ್ಲದು.

ಇನ್ನೊಂದು ಗುಂಪು ಎಸ್‌ಎಸ್‌ಆರ್‌ಐ, ಎಸ್‌ಎನ್‌ಆರ್‌ಐ. ಸರ್ಟ್ರಲೀನ್, ಎಸಿಟಾಲೊಪ್ರಾಮ್, ಪ್ಯಾರೊಕ್ಸೆಟೀನ್, ವೆನ್ಲಾಫಾಕ್ಸಿನ್, ಡುಲೊಕ್ಸೆಟೀನ್ ಇವೆಲ್ಲ ಇದರಲ್ಲಿ ಬರುತ್ತವೆ. ಹೆಸರಿಗೆ ಖಿನ್ನತೆಯ ಔಷಧಿಗಳು, ಆದರೆ ಆತಂಕದ ಕಾಯಿಲೆಗೆ ವೈದ್ಯರು ಮೊದಲು ಆರಿಸುವುದೂ ಇವನ್ನೇ. ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಕಡಿಮೆಯಾಗಿದೆ, ತುಂಬಿಸಿದರೆ ಸರಿಹೋಗುತ್ತದೆ ಎಂಬ ಹಳೆಯ ವಿವರಣೆ ಈಗ ನಿಲ್ಲುವುದಿಲ್ಲ. ಆದರೂ ಇವು ಕೆಲಸ ಮಾಡುತ್ತವೆ ಎನ್ನುವುದು ಸಾಕಷ್ಟು ಪರೀಕ್ಷೆಗಳಲ್ಲಿ ಕಂಡಿದೆ. ಇವನ್ನು ನುಂಗಿದ ದಿನ ಹಾಯೆನಿಸುವುದಿಲ್ಲ. ಪರಿಣಾಮ ಗೊತ್ತಾಗಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು.

ಆ ಮೊದಲ ಎರಡು ವಾರದ ಬಗ್ಗೆ ಮೊದಲೇ ಹೇಳಿಬಿಟ್ಟರೆ ಎಷ್ಟೋ ಜನ ಚಿಕಿತ್ಸೆ ಬಿಡುವುದು ತಪ್ಪುತ್ತದೆ. ವಾಕರಿಕೆ, ತಲೆನೋವು, ಹೊಟ್ಟೆ ಕೆಡುವುದು, ನಿದ್ದೆಯ ಏರುಪೇರು ಸಾಮಾನ್ಯ. ಕೆಲವರಿಗೆ ಮೈಯೊಳಗೆ ಚಡಪಡಿಕೆ ಶುರುವಾಗಿ ಆತಂಕವೇ ಹೆಚ್ಚಾದಂತೆ ಅನ್ನಿಸುತ್ತದೆ. ಆತಂಕ ಇರುವವರು ಮೈಯ ಪ್ರತಿ ಬದಲಾವಣೆಯನ್ನೂ ಗಮನಿಸುತ್ತಿರುತ್ತಾರೆ, ಹಾಗಾಗಿ ಅವರಿಗೆ ಇದು ಇನ್ನೂ ಕಷ್ಟ. ನಾಲ್ಕನೇ ದಿನಕ್ಕೆ "ನನಗೆ ಇದು ಆಗಿಬರಲ್ಲ" ಎಂದು ಬಿಟ್ಟುಬಿಡುತ್ತಾರೆ. ಅದಕ್ಕೇ ಅರ್ಧ ಡೋಸ್‌ನಿಂದ ಶುರು ಮಾಡಿ ನಿಧಾನವಾಗಿ ಏರಿಸುವುದು. ಬಹುತೇಕ ತೊಂದರೆಗಳು ಎರಡು ಮೂರು ವಾರದಲ್ಲಿ ತಗ್ಗುತ್ತವೆ. ಲೈಂಗಿಕ ಆಸಕ್ತಿ ಕುಗ್ಗುವ ತೊಂದರೆ ಮಾತ್ರ ಹಾಗೆ ತಗ್ಗದೆ ಉಳಿಯಬಹುದು. ನಾಚಿಕೆಯಿಂದ ಅದನ್ನು ಯಾರೂ ಹೇಳುವುದಿಲ್ಲ, ಸುಮ್ನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹೇಳಿದರೆ ಡೋಸ್ ಅಥವಾ ಔಷಧಿ ಬದಲಿಸಿ ನೋಡಬಹುದು.

ಇಪ್ಪತ್ತೈದು ವರ್ಷದೊಳಗಿನವರಿಗೆ ಇನ್ನೊಂದು ಎಚ್ಚರಿಕೆ ಇದೆ. ಶುರುವಿನ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾಗುವ ಅಪಾಯ ಚಿಕ್ಕದಾದರೂ ಇದೆ. ಎಫ್‌ಡಿಎ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆ, 2007ರಲ್ಲಿ 24 ವಯಸ್ಸಿನವರೆಗೂ ಈ ಎಚ್ಚರಿಕೆ ಹಾಕಿತು. ಆ ದಿನಗಳಲ್ಲಿ ಮನೆಯವರು ಹತ್ತಿರ ಇರಬೇಕು. ಯಾವ ವಯಸ್ಸಿನವರಿಗೇ ಆಗಲಿ, ಜೀವ ಕಳೆದುಕೊಳ್ಳುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ವೈದ್ಯರ ಹತ್ತಿರ ಅಥವಾ ಆಸ್ಪತ್ರೆಗೆ ಹೋಗಬೇಕು. ಮನೆತನದಲ್ಲಿ ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇದ್ದರೆ, ಗರ್ಭಿಣಿಯಾಗಿದ್ದರೆ, ಬೇರೆ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಈ ಮಾತ್ರೆಗಳ ಜೊತೆ ಸೇರಿ ಅಪಾಯ ತರಬಲ್ಲದು, ಆದ್ದರಿಂದ "ನ್ಯಾಚುರಲ್ ಅಲ್ವಾ" ಎಂದು ಏನನ್ನೂ ಮುಚ್ಚಿಡಬೇಡಿ.

ವೇದಿಕೆ ಹತ್ತುವ ಭಯಕ್ಕೆ ಪ್ರೊಪ್ರನೊಲಾಲ್ ಎಂಬ ಮಾತ್ರೆಯನ್ನೂ ಕೊಡುವುದುಂಟು. ಅದು ಎದೆಬಡಿತ, ನಡುಕ ತಗ್ಗಿಸುತ್ತದೆ ಅಷ್ಟೇ, ಚಿಂತೆಯನ್ನಲ್ಲ. ಅಸ್ತಮಾ ಇದ್ದವರು ಅದನ್ನು ಮುಟ್ಟಬಾರದು.

ಎದುರುಬದುರು ಇಟ್ಟು ನೋಡಿದಾಗ

ಮಾತ್ರೆಯನ್ನೂ ಮಾತ್ರೆಯಲ್ಲದ ಚಿಕಿತ್ಸೆಯನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದ ಅಧ್ಯಯನಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಹೇಳುತ್ತೇನೆ.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7ರಿಂದ 17 ವಯಸ್ಸಿನ 488 ಮಕ್ಕಳಿದ್ದರು. ಚೆನ್ನಾಗಿ ಸುಧಾರಿಸಿದವರು ಸಿಬಿಟಿ ಮಾತ್ರ ಪಡೆದವರಲ್ಲಿ ಶೇ. 60, ಸರ್ಟ್ರಲೀನ್ ಮಾತ್ರ ಪಡೆದವರಲ್ಲಿ ಶೇ. 55, ಎರಡೂ ಪಡೆದವರಲ್ಲಿ ಶೇ. 81. ಖಾಲಿ ಮಾತ್ರೆ, ಅಂದರೆ ಔಷಧಿಯೇ ಇಲ್ಲದ ಮಾತ್ರೆ ಪಡೆದವರಲ್ಲಿ ಶೇ. 24. ಮಾತ್ರೆ ಮತ್ತು ಥೆರಪಿ ಒಂದಕ್ಕೊಂದು ವಿರೋಧಿಗಳು ಎಂದುಕೊಂಡವರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಆದರೆ 2000ದಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆ ಕಡೆ ಬೆರಳು ತೋರಿಸುತ್ತದೆ. ಪ್ಯಾನಿಕ್ ಕಾಯಿಲೆಯ 312 ಜನರಿಗೆ ಸಿಬಿಟಿ, ಇಮಿಪ್ರಮಿನ್ ಎಂಬ ಹಳೆಯ ಔಷಧಿ, ಎರಡೂ ಸೇರಿಸಿ, ಹೀಗೆ ಬೇರೆ ಬೇರೆ ಚಿಕಿತ್ಸೆ ಕೊಟ್ಟರು. ಚಿಕಿತ್ಸೆ ನಡೆಯುತ್ತಿರುವಾಗ ಎಲ್ಲವೂ ಚೆನ್ನಾಗಿಯೇ ಇತ್ತು. ಎಲ್ಲ ನಿಲ್ಲಿಸಿ ಆರು ತಿಂಗಳ ನಂತರ ನೋಡಿದಾಗ, ಔಷಧಿಯಿಲ್ಲದೆ ಸಿಬಿಟಿ ಮಾಡಿದವರಲ್ಲಿ ಲಾಭ ಹೆಚ್ಚು ಉಳಿದಿತ್ತು. ಔಷಧಿಯ ಜೊತೆ ಸಿಬಿಟಿ ಮಾಡಿದವರಲ್ಲಿ ಅಷ್ಟು ಉಳಿದಿರಲಿಲ್ಲ. ಸುಧಾರಣೆಯ ಹೆಗ್ಗಳಿಕೆಯನ್ನು ಮನಸ್ಸು ಮಾತ್ರೆಗೇ ಕೊಟ್ಟುಬಿಟ್ಟಿತ್ತೇನೋ ಎನ್ನುವುದು ನನ್ನ ಊಹೆ. ಹಾಗಾಗಿ ಮಾತ್ರೆ ತಗೊಳ್ಳುತ್ತಿರುವವರಿಗೆ ಒಂದು ಮಾತು: ಲಿಫ್ಟ್ ಹತ್ತಿದ್ದು ನೀವು. ಮಾತ್ರೆ ಕಡಿಮೆ ಮಾಡುವಾಗಲೂ, ನಿಲ್ಲಿಸಿದ ಮೇಲೂ ಅದೇ ಅಭ್ಯಾಸ ಮತ್ತೊಮ್ಮೆ ಮಾಡಬೇಕು.

ಧ್ಯಾನದ ಬಗ್ಗೆಯೂ ಒಳ್ಳೆಯ ಸಾಕ್ಷ್ಯ ಇದೆ. 2022ರಲ್ಲಿ ಬಂದ ಅಧ್ಯಯನದಲ್ಲಿ ಆತಂಕದ ಕಾಯಿಲೆ ಇದ್ದ 276 ವಯಸ್ಕರಲ್ಲಿ ಅರ್ಧ ಜನರಿಗೆ ಎಸಿಟಾಲೊಪ್ರಾಮ್, ಅರ್ಧ ಜನರಿಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿ ಕೊಟ್ಟರು. ಫಲಿತಾಂಶದಲ್ಲಿ ಧ್ಯಾನ ಮಾತ್ರೆಗಿಂತ ಹಿಂದೆ ಬೀಳಲಿಲ್ಲ, ಅಡ್ಡಪರಿಣಾಮವಂತೂ ಬಹಳ ಕಡಿಮೆ. ಇದನ್ನು ಹಿಡಿದುಕೊಂಡು "ಐದು ನಿಮಿಷ ಕಣ್ಣು ಮುಚ್ಚಿ ಕೂತರೆ ಸಾಕು" ಎನ್ನುವುದು ತಪ್ಪು. ಅವರು ಮಾಡಿದ್ದು ವಾರಕ್ಕೊಮ್ಮೆ ಎರಡೂವರೆ ಗಂಟೆ ತರಗತಿ ಮತ್ತು ದಿನಾ ಮನೆಯಲ್ಲಿ 45 ನಿಮಿಷ.

ಉಸಿರಾಟದ ಅಭ್ಯಾಸ, ವ್ಯಾಯಾಮ, ನಿದ್ದೆ ಇವೂ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಅದರಲ್ಲೂ ಎದೆ ಬಡಿತ ಏರುವಂಥ ವ್ಯಾಯಾಮದಲ್ಲಿ ನನಗೆ ಹೆಚ್ಚು ನಂಬಿಕೆ. ಬಡಿತ ಏರಿದರೆ ಅಪಾಯವಿಲ್ಲ ಎನ್ನುವುದನ್ನು ಅದು ದಿನಾ ಕಲಿಸುತ್ತದೆ. ಆದರೆ ಲಿಫ್ಟಿನಲ್ಲಿ ಕಣ್ಣು ಮುಚ್ಚಿ "ಇದು ನಿಲ್ಲಲಿ, ಇದು ನಿಲ್ಲಲಿ" ಎಂದು ಉಸಿರೆಣಿಸುತ್ತಾ ನಿಂತರೆ ಅದೂ ಆ ಬ್ಯಾಗಿನ ಸ್ಟ್ರಿಪ್ ಮಾಡುವ ಕೆಲಸವನ್ನೇ ಮಾಡುತ್ತದೆ. ಮಾತ್ರೆ ಬೇಡ ಎಂದು ಹಟ ಹಿಡಿದು, ಉಸಿರಾಟ, ಜಪ, ಆ್ಯಪ್ ಎಲ್ಲವನ್ನೂ ಸುತ್ತಲೂ ಇಟ್ಟುಕೊಂಡು ಐದು ವರ್ಷ ಮನೆಯಿಂದ ಹೊರಗೆ ಬಾರದವರಿಗೂ, ಸರ್ಟ್ರಲೀನ್ ತಗೊಂಡು ಆರು ತಿಂಗಳಲ್ಲಿ ಕೆಲಸಕ್ಕೆ ವಾಪಸಾದವರಿಗೂ ಹೋಲಿಸಿ ನೋಡಿ. ಮಾತ್ರೆ ಹಿಡಿದವರು ಸೋತರು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಯಾರಿಗೆ ಏನು?

ಹೊಸದಾಗಿ ಶುರುವಾದ, ಕೆಲಸ ಓಡಾಟ ನಿಲ್ಲಿಸದ ಆತಂಕಕ್ಕೆ ಮಾತ್ರೆಯಿಂದ ಶುರು ಮಾಡುವ ಅಗತ್ಯವಿಲ್ಲ. ಕೆಫೀನ್, ಮದ್ಯ, ನಿದ್ದೆ ಸರಿಮಾಡಿಕೊಂಡು, ಸಿಬಿಟಿ ಆಧಾರದ ಸ್ವಸಹಾಯ ಪುಸ್ತಕವೋ ಆನ್‌ಲೈನ್ ಕಾರ್ಯಕ್ರಮವೋ ಹಿಡಿಯಬಹುದು. ಯಾರಾದರೂ ವಾರಕ್ಕೊಮ್ಮೆ ವಿಚಾರಿಸುವವರಿದ್ದರೆ ಆನ್‌ಲೈನ್ ಸಿಬಿಟಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ವಿಷಯದ ಭಯ, ಅಂದರೆ ನಾಯಿ, ಎತ್ತರ, ಸೂಜಿ ಇಂಥದ್ದಾದರೆ ಎದುರಿಸುವ ಅಭ್ಯಾಸವೇ ಮದ್ದು. ಅಲ್ಲಿ ಮಾತ್ರೆಗೆ ಹೆಚ್ಚು ಕೆಲಸವಿಲ್ಲ.

ಇನ್ನೂ ಸ್ವಲ್ಪ ಗಟ್ಟಿಯಾದ ಆತಂಕಕ್ಕೆ ಥೆರಪಿ ಅಥವಾ ಮಾತ್ರೆ, ಎರಡರಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡಬಹುದು. ಒಂದು ಇನ್ನೊಂದಕ್ಕಿಂತ ಮೇಲು ಎನ್ನಲು ಸಾಕ್ಷ್ಯವಿಲ್ಲ, ರೋಗಿಯ ಇಷ್ಟದಂತೆ ಆರಿಸಿ ಎಂದು ನೈಸ್ ಮಾರ್ಗಸೂಚಿ ನೇರವಾಗಿಯೇ ಹೇಳುತ್ತದೆ. ನನಗೆ ಆಯ್ಕೆ ಇದ್ದರೆ ಥೆರಪಿಯನ್ನೇ ಮೊದಲು ಹಿಡಿಯುತ್ತೇನೆ, ಕಲಿತದ್ದು ಉಳಿಯುತ್ತದೆ ಎಂಬ ಕಾರಣಕ್ಕೆ. ಆದರೆ ಊಟ ಸೇರದ, ನಿದ್ದೆ ಇಲ್ಲದ, ಖಿನ್ನತೆಯೂ ಜೊತೆಗಿರುವ, ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿಯಲ್ಲಿ ಇರುವವರಿಗೆ "ಹೋಗಿ ಲಿಫ್ಟ್ ಹತ್ತಿ" ಎಂದರೆ ಅದು ಕ್ರೌರ್ಯ. ಅವರು ಮೊದಲು ನಿಲ್ಲುವಂತಾಗಬೇಕು. ಅಲ್ಲಿ ಮಾತ್ರೆ ಬೇಕೇ ಬೇಕು, ಅದರ ಬೆಂಬಲದಲ್ಲಿ ಅಭ್ಯಾಸ ಶುರುವಾಗಬೇಕು. ಹತ್ತಿರದಲ್ಲಿ ಥೆರಪಿಸ್ಟ್ ಇಲ್ಲ ಎಂಬ ಒಂದೇ ಕಾರಣಕ್ಕೆ ಮಾತ್ರೆ ಆರಿಸಿಕೊಳ್ಳುವುದೂ ನಾಚಿಕೆಪಡುವ ವಿಷಯವಲ್ಲ.

ನಿಲ್ಲಿಸುವ ಮಾತು

ಎಸ್‌ಎಸ್‌ಆರ್‌ಐ ಚಟ ಹಿಡಿಸುವುದಿಲ್ಲ, ಡೋಸ್ ಏರಿಸುತ್ತಾ ಹೋಗಬೇಕೆಂಬ ಹಂಬಲವೂ ಹುಟ್ಟುವುದಿಲ್ಲ. ಆದರೆ ಏಕಾಏಕಿ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ಪ್ಯಾರೊಕ್ಸೆಟೀನ್, ವೆನ್ಲಾಫಾಕ್ಸಿನ್‌ನಲ್ಲಿ ಇದು ಜಾಸ್ತಿ. 2024ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದರಲ್ಲಿ ಇಂಥ ಔಷಧಿ ನಿಲ್ಲಿಸಿದವರಲ್ಲಿ ಶೇ. 31 ಜನರಿಗೆ, ಖಾಲಿ ಮಾತ್ರೆ ನಿಲ್ಲಿಸಿದವರಲ್ಲೂ ಶೇ. 17 ಜನರಿಗೆ ಇಂಥ ಲಕ್ಷಣ ಕಂಡಿತ್ತು. ತೀವ್ರ ತೊಂದರೆ ಸುಮಾರು 35ರಲ್ಲಿ ಒಬ್ಬರಿಗೆ. ವರ್ಷಗಟ್ಟಲೆ ತಗೊಂಡವರು ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ ಇಳಿಸಬೇಕು, ಕೊನೆಯ ಚಿಕ್ಕ ಡೋಸ್‌ಗಳಲ್ಲಿ ಇನ್ನೂ ನಿಧಾನ.

ನಿಲ್ಲಿಸಿದ ಮೇಲೆ ಬರುವ ಈ ಲಕ್ಷಣಕ್ಕೂ ಕಾಯಿಲೆ ಮರುಕಳಿಸುವುದಕ್ಕೂ ವ್ಯತ್ಯಾಸ ಇದೆ. ಮೊದಲನೆಯದು ಕೆಲವೇ ದಿನಗಳಲ್ಲಿ ಶುರುವಾಗುತ್ತದೆ, ಮಾತ್ರೆ ವಾಪಸ್ ತಗೊಂಡರೆ ಬೇಗ ಹೋಗುತ್ತದೆ. ಎರಡನೆಯದು ಸಾಮಾನ್ಯವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೆ ಮೆಲ್ಲಗೆ ಹಳೆಯ ರೂಪದಲ್ಲೇ ಬರುತ್ತದೆ. ಚೆನ್ನಾಗಿ ಸುಧಾರಿಸಿದವರ 28 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2017ರ ವಿಶ್ಲೇಷಣೆಯಲ್ಲಿ, ಒಂದು ವರ್ಷದವರೆಗಿನ ಅವಧಿಯಲ್ಲಿ ಔಷಧಿ ನಿಲ್ಲಿಸಿದವರಲ್ಲಿ ಶೇ. 36 ಜನರಿಗೆ, ಮುಂದುವರಿಸಿದವರಲ್ಲಿ ಶೇ. 16 ಜನರಿಗೆ ಆತಂಕ ಮರುಕಳಿಸಿತ್ತು. ನಿಲ್ಲಿಸಿದ ಬಹುಪಾಲು ಜನ ಚೆನ್ನಾಗಿಯೇ ಇದ್ದರು ಎನ್ನುವುದೂ ಅದೇ ಅಂಕಿಯಲ್ಲಿದೆ. ಸುಧಾರಿಸಿದ ಮೇಲೆ ಕನಿಷ್ಠ ಆರರಿಂದ ಹನ್ನೆರಡು ತಿಂಗಳು ಮಾತ್ರೆ ಮುಂದುವರಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ಆಮೇಲೆ, ಕೆಲಸ ಬದಲಾವಣೆ, ಮನೆ ಬದಲಾವಣೆ, ಹೆರಿಗೆ ಇಂಥದ್ದೇನೂ ಇಲ್ಲದ ತಿಂಗಳು ನೋಡಿ ಇಳಿಸಲು ಶುರು ಮಾಡುವುದು, ಮುಂದಿನ ಮೂರು ನಾಲ್ಕು ಭೇಟಿಗಳ ದಿನಾಂಕವನ್ನು ಆಗಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.